ಅಪ್ಪನ ಪಂಚಮಿಯ ಬೆಲೆ

ಸತ್ತವರಿಗೂ ಸೀಸನ್ ಉಂಟು ಎಂದು ನನಗೆ ಮೊದಲು ಹೇಳಿದವನು ನನ್ನ ಚಿಕ್ಕಪ್ಪನ ಮಗ. ಹೇಳುವಾಗ ಅವನ ಬಾಯಿ ತುಂಬ ಬೋಂಡಾ ಇತ್ತು. "ಮಹಾಲಯ ಪಕ್ಷ ಇದೆ ಅಲ್ವಾ ಅಣ್ಣಾ, ಅದು ನಮ್ಮ ದೀಪಾವಳಿ," ಎಂದವನೇ ಇನ್ನೊಂದು ಬೋಂಡಾವನ್ನು ಚಟ್ನಿಯಲ್ಲಿ ಅದ್ದಿದ. ಥೂ! ಇಷ್ಟು ವರ್ಷವಾದರೂ ಬೋಂಡಾ ಕಂಡರೆ ನನಗೆ ಆ ಮಾತೇ ಮೊದಲು ನೆನಪಿಗೆ ಬರುತ್ತದೆ.

ಚೆನ್ನೈಯ ಮಾಂಬಲದ ಒಂದು ಗಲ್ಲಿಯಲ್ಲಿ ನನ್ನ ಅಪ್ಪ ಮತ್ತು ಚಿಕ್ಕಪ್ಪ ಸೇರಿ ಒಂದು ತಿಥಿಮನೆ ನಡೆಸುತ್ತಿದ್ದರು. ಈ ಊರಿನ ಫ್ಲ್ಯಾಟುಗಳಲ್ಲಿ ತಂದೆತಾಯಿಯ ಶ್ರಾದ್ಧ ಮಾಡುವುದೆಂದರೆ ಹೆಣಗಾಟ. ಹೋಮದ ಹೊಗೆ ಎದ್ದರೆ ಪಕ್ಕದವರು ಬಾಗಿಲು ಬಡಿಯುತ್ತಾರೆ. ಮಡಿಯಲ್ಲಿ ಅಡುಗೆ ಮಾಡುವವರಿಲ್ಲ, ಎಲೆಯ ಮುಂದೆ ಕೂರಲು ಬ್ರಾಹ್ಮಣರು ಸಿಗುವುದಿಲ್ಲ. ಅಂಥವರೆಲ್ಲ ನಮ್ಮಲ್ಲಿಗೆ ಬರುತ್ತಿದ್ದರು. ರೈಲ್ವೆಯವರು, ಬ್ಯಾಂಕಿನವರು, ಇನ್ಶೂರೆನ್ಸ್ ಆಫೀಸಿನವರು, ಕನ್ನಡದವರು, ತಮಿಳರು. ಬೆಳಿಗ್ಗೆ ಸ್ನಾನ ಮಾಡಿ ಬಂದರೆ ಸಾಕು, ಮಿಕ್ಕಿದ್ದೆಲ್ಲ ಅಲ್ಲಿಯೇ ಆಗುತ್ತಿತ್ತು. ಉಡುಪಿಯ ಕಡೆಯಿಂದ ಹೋಟೆಲ್ ಕೆಲಸಕ್ಕೆಂದು ಬಂದ ಅಪ್ಪ ಕೊನೆಗೆ ಈ ಅಡುಗೆಮನೆಯಲ್ಲಿ ನಿಂತವರು ಸಾಯುವ ತನಕ ಅಲ್ಲಿಯೇ ನಿಂತರು. ಚಿಕ್ಕಪ್ಪ ಎದುರಿನ ಹಜಾರ ನೋಡಿಕೊಳ್ಳುತ್ತಿದ್ದರು.

ಆ ಮನೆಯಲ್ಲಿ ಕೆಲವು ಮಾತು ಆಡುವಂತಿರಲಿಲ್ಲ. ಬಂದವರಿಗೆ "ಬನ್ನಿ ಬನ್ನಿ" ಎನ್ನುವಂತಿಲ್ಲ, ಹೊರಟವರಿಗೆ "ಹೋಗಿ ಬನ್ನಿ" ಎನ್ನುವಂತಿಲ್ಲ. ತಿಥಿಯ ಊಟವನ್ನು ಯಾರೂ ಹೊಗಳುವಂತಿಲ್ಲ. ಚೌಕಾಸಿಯಂತೂ ಬಾಗಿಲೊಳಗೇ ಬರುತ್ತಿರಲಿಲ್ಲ. ಹಣವನ್ನು ವೀಳ್ಯದೆಲೆಯ ಕೆಳಗಿಟ್ಟು ತಟ್ಟೆಯನ್ನು ಚಿಕ್ಕಪ್ಪನ ಕಡೆಗೆ ಸರಿಸಿದರೆ ಮುಗಿಯಿತು. ಇದ್ದವರು ಹೆಚ್ಚು ಇಡುತ್ತಿದ್ದರು, ಇಲ್ಲದವರು ಕಡಿಮೆ ಇಡುತ್ತಿದ್ದರು, ಚಿಕ್ಕಪ್ಪ ಅವರ ಎದುರು ಎಲೆ ಎತ್ತಿ ನೋಡುತ್ತಿರಲಿಲ್ಲ. ಅಪ್ಪ ಮಾತ್ರ ಎಲ್ಲ ಮುಗಿದ ಮೇಲೆ ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದು, "ಊಟ ಸರಿಯಾಯ್ತಾ?" ಎಂದು ಕೇಳುತ್ತಿದ್ದರು. ಉಂಡವರು ತಲೆಯಾಡಿಸುತ್ತಿದ್ದರು. ಅಷ್ಟೇ.

ಅಪ್ಪ ತೀರಿಕೊಂಡದ್ದು ಕಾರ್ತಿಕ ಬಹುಳ ಪಂಚಮಿಯಂದು, ಮಳೆ ಹೊಯ್ಯುತ್ತಿದ್ದ ಒಂದು ಮಧ್ಯಾಹ್ನ. ಅದಾಗಿ ಸ್ವಲ್ಪ ದಿನಕ್ಕೆ ಚಿಕ್ಕಪ್ಪನಿಗೆ ಎದೆನೋವು ಕಾಣಿಸಿಕೊಂಡು, ಅವರು ಹಜಾರದ ಕುರ್ಚಿಯನ್ನು ಮಗನಿಗೆ ಬಿಟ್ಟುಕೊಟ್ಟರು. ಮಗ ಅಲ್ಲಿಯವರೆಗೆ ವಿಮಾನದ ಟಿಕೆಟ್ ಮಾರುವ ಒಂದು ಏಜೆನ್ಸಿಯಲ್ಲಿದ್ದ. ಚೆನ್ನೈಯಲ್ಲೇ ಹುಟ್ಟಿ ಬೆಳೆದವನು, ನಾವು ಕನ್ನಡದಲ್ಲಿ ಕೇಳಿದರೆ ಅರ್ಧ ತಮಿಳಿನಲ್ಲಿ ಉತ್ತರ. ಒಂದೇ ವಿಮಾನದ ಒಂದೇ ಸೀಟನ್ನು ಬೆಳಿಗ್ಗೆ ಒಂದು ಬೆಲೆಗೆ, ಸಂಜೆ ಇನ್ನೊಂದು ಬೆಲೆಗೆ ಮಾರುವುದನ್ನು ನೋಡಿ ನೋಡಿ ಅವನ ತಲೆಗೆ ಅದೇ ಪಿತ್ತ ಹತ್ತಿತ್ತು.

ನನಗೆ ಆಗ ಅಂಬತ್ತೂರಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಕೆಲಸ. ಎಡಕ್ಕೆ ಬೋಲ್ಟು ತಯಾರಿಸುವ ಶೆಡ್ಡು, ಬಲಕ್ಕೆ ಪೇಂಟಿನ ಕಾರ್ಖಾನೆ, ನಡುವೆ ಎಸಿ ಹಾಕಿದ ನಮ್ಮ ಕಂಪ್ಯೂಟರ್ ಆಫೀಸು. "ಅಣ್ಣಾ, ತಿಥಿಮನೆಗೆ ಒಂದು ಆನ್‌ಲೈನ್ ಅಂಗಡಿ ಮಾಡ್ತಾ ಇದೀನಿ, ಪಂಚಾಂಗದ ಭಾಗ ಮಾತ್ರ ನೀವು ನೋಡಿ," ಎಂದು ಚಿಕ್ಕಪ್ಪನ ಮಗ ಕೇಳಿದ. ಅಪ್ಪನಿಂದ ಕಲಿತ ಪಂಚಾಂಗ ನನಗೆ ಬರುತ್ತಿತ್ತು. ಯಾವ ಮಾಸದ ಯಾವ ತಿಥಿ ಈ ವರ್ಷ ಯಾವ ತಾರೀಕಿಗೆ ಬೀಳುತ್ತದೆ ಎಂಬುದನ್ನು ಕೂತು ತುಂಬಿಸಿಕೊಟ್ಟೆ. ಒಳ್ಳೆಯ ಕೆಲಸವೆಂದೇ ಅಂದುಕೊಂಡೆ. ಕ್ರೋಂಪೇಟೆಯಲ್ಲೋ ಅಡಯಾರಿನಲ್ಲೋ ಇರುವವರು ಮಾಂಬಲಕ್ಕೆ ಬಂದು ಕೇಳುವ ಬದಲು ಮನೆಯಲ್ಲೇ ನೋಡಿಕೊಳ್ಳಲಿ.

ಬೆಲೆಯ ಭಾಗ ಅವನದ್ದು. ಹೋಟೆಲ್ ರೂಮು ಬಾಡಿಗೆಗೆ ಕೊಡುವವರಿಗೆಂದು ಮಾಡಿದ್ದ ತಯಾರು ಸಾಫ್ಟ್‌ವೇರ್ ಒಂದನ್ನು ತಂದು ಕೂರಿಸಿದ್ದ. ಅದರಲ್ಲಿ ಪ್ರತಿಯೊಂದು ತಾರೀಕೂ ಒಂದು ಸರಕು. ಒಂದು ಭಾನುವಾರ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬೋಂಡಾ ತರಿಸಿ, ಒಂದೊಂದೇ ನಿಯಮ ತೋರಿಸಿದ. ಆ ದಿನಕ್ಕೆ ಹಜಾರ ತುಂಬುತ್ತ ಬಂದರೆ ಬೆಲೆ ಏರಬೇಕು. ಶನಿವಾರ, ಭಾನುವಾರಕ್ಕೆ ಇನ್ನಷ್ಟು ಏರಬೇಕು. ಒಂದು ತಾರೀಕನ್ನು ಹೆಚ್ಚು ಜನ ತೆರೆದು ನೋಡಿದರೆ, ಬುಕ್ ಮಾಡದೆ ಹೋದರೂ, ಬೇಡಿಕೆ ಉಂಟೆಂದು ತಿಳಿದು ಬೆಲೆ ಏರಬೇಕು. ಯಾರೂ ಇಣುಕದಿದ್ದರೆ ಇಳಿಯಬೇಕು. ಆ ದಿನವೇ ಬಂದುಬಿಟ್ಟು ಇನ್ನೂ ಖಾಲಿಯಿದ್ದರೆ ಅರ್ಧಕ್ಕೆ ಇಳಿಯಬೇಕು.

"ಮದುವೆಯಾದ್ರೆ ಈ ಮುಹೂರ್ತ ಬೇಡ ಅಂತ ಇನ್ನೊಂದಕ್ಕೆ ಹೋಗ್ತಾರೆ ಅಣ್ಣಾ," ಎಂದು ಅವನು ವಿವರಿಸಿದ. "ತಿಥಿ ಹಾಗಿಲ್ಲ. ಅಪ್ಪ ಸತ್ತ ದಿನಾನ ಯಾರಾಲ ಮಾತ್ತ ಮುಡಿಯುಂ, ಯಾರು ಬದಲಾಯಿಸ್ತಾರೆ? ಆ ದಿನಾನೇ ಬೇಕು. ಎಷ್ಟು ಹೇಳಿದ್ರೂ ಕೊಡ್ತಾರೆ."

ಅದನ್ನು ಅವನು ಹೇಳಿದ ರೀತಿ! ಕಣ್ಣಲ್ಲಿ ಮಿಂಚು. ಜನರ ಕೈ ಕಟ್ಟಿಹೋದ ಜಾಗ ಯಾವುದೆಂದು ಹುಡುಕಿ, ಅಲ್ಲಿಯೇ ಕೈ ಹಾಕುವುದು.

"ನಿನಗೆ ನಾಚಿಕೆ ಉಂಟಾ ಮಾರಾಯ?" ಎಂದೆ.

"ಇದರಲ್ಲಿ ನಾಚಿಕೆ ಎಂತದ್ದು? ಏರ್‌ಲೈನ್‌ನವರು ಮಾಡಲ್ವಾ?"

ಅಪ್ಪನ ತಿಥಿಗೆ ಯಾರೂ ವಿಮಾನ ಹತ್ತಿ ಹೋಗುವುದಿಲ್ಲ ಎಂದು ಬಾಯಿಗೆ ಬಂದದ್ದನ್ನು ಆಡಿ ಎದ್ದು ಬಂದೆ. ಚಿಕ್ಕಪ್ಪನಿಗೂ ಹೇಳಿದೆ. ಅವರು ಗೋಡೆ ನೋಡುತ್ತ, "ಈಗಿನವರದ್ದು ನಮಗೆ ಎಂತ ಗೊತ್ತಾಗ್ತದೆ," ಎಂದರು. ಮಗನ ಮುಂದೆ ಅವರ ಸ್ವರವೇ ಅಡಗಿಹೋಗಿತ್ತು.

ಆಮೇಲಾಮೇಲೆ ಆ ಅಂಗಡಿಯನ್ನು ತೆರೆದು ನೋಡುವುದೆಂದರೆ ಕೊಳೆತ ಬಾಳೆಹಣ್ಣನ್ನು ಕೈಯಲ್ಲಿ ಹಿಡಿದಂತೆ ಆಗುತ್ತಿತ್ತು. ತಂದೆ ತಾಯಿ ಇಬ್ಬರ ತಿಥಿಯನ್ನೂ ಒಟ್ಟಿಗೆ ಬುಕ್ ಮಾಡಿದರೆ ಕಾಂಬೋ ರಿಯಾಯಿತಿಯಂತೆ. ಮುಂದಿನ ವರ್ಷದ್ದನ್ನು ಈಗಲೇ ಕಾದಿರಿಸಿದರೆ ಒಂದು ಸ್ಟೀಲ್ ಡಬ್ಬಿ ಉಚಿತವಂತೆ. ಅಪ್ಪ ಹೊರಗೆ ಬಂದು ಕೇಳುತ್ತಿದ್ದ ಒಂದು ಮಾತಿನ ಜಾಗದಲ್ಲಿ ಐದು ನಕ್ಷತ್ರ. ಯಾರೋ ಒಬ್ಬ ಪುಣ್ಯಾತ್ಮ ತನ್ನ ತಾಯಿಯ ಶ್ರಾದ್ಧಕ್ಕೆ ಮೂರು ನಕ್ಷತ್ರ ಒತ್ತಿ, ವಡೆ ಗರಿಗರಿಯಾಗಿರಲಿಲ್ಲ ಎಂದು ಬರೆದಿದ್ದ. ಎಲ್ಲಕ್ಕಿಂತ ಮೇಲೆ, ಕಾರ್ಯ ಮುಗಿಸಿ ಮನೆಗೆ ಮುಟ್ಟುವ ಮೊದಲೇ ಮೊಬೈಲಿಗೆ ಒಂದು ಮೆಸೇಜು ಬರುತ್ತಿತ್ತು: ಧನ್ಯವಾದ, ಮತ್ತೆ ಬನ್ನಿ. ಅಯ್ಯೋ ನಿನ್ನ ಮನೆ ಹಾಳಾಗ!

ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವನು ಮೀನುಗಾರರ ಕಾಸಿಮೇಡಿನವನು, ಅವನ ತಂದೆಗೆ ದೋಣಿ ಇತ್ತು. ಊಟದ ಹೊತ್ತಿನಲ್ಲಿ ನನ್ನ ಗೊಣಗಾಟ ಕೇಳಿ, "ಎಂಗ ಮೀನ್ ಏಲಂ ಮಾದಿರಿ ಇರುಕ್ಕೇ ಸಾರ್," ನಮ್ಮ ಮೀನಿನ ಹರಾಜಿನ ಹಾಗೇ ಇದೆಯಲ್ಲ ಎಂದು ನಕ್ಕ. ನಸುಕಿನಲ್ಲಿ ಸುತ್ತ ಜನ ಸೇರಿದಷ್ಟೂ ಮೀನಿನ ಬುಟ್ಟಿಯ ಬೆಲೆ ಏರುತ್ತದಂತೆ, ಬಿಸಿಲು ಬಂದು ಮೀನು ಹಳಸುವ ಹೊತ್ತಿಗೆ ಕೇಳಿದಷ್ಟಕ್ಕೆ ಕೊಟ್ಟುಬಿಡುತ್ತಾರಂತೆ. ಅವನು ತಮಾಷೆಗೆ ಹೇಳಿದ್ದು. ನಾನು ಮೊಸರನ್ನದ ಡಬ್ಬಿ ಮುಚ್ಚಿಟ್ಟೆ.

ಇದೆಲ್ಲದರ ನಡುವೆ ಅಮ್ಮನಿಗೆ ಇದ್ದದ್ದು ಒಂದೇ ಆಸೆ. ಅಪ್ಪನ ಮೊದಲ ವರ್ಷದ ತಿಥಿ ಆ ತಿಥಿಮನೆಯಲ್ಲೇ ಆಗಬೇಕು. "ಊರಿನವರ ಅಪ್ಪಂದಿರಿಗೆಲ್ಲ ಬಡಿಸಿದ್ದು ಅಲ್ಲಿ ಅಲ್ವಾ," ಎನ್ನುತ್ತಿದ್ದಳು. "ಅದೇ ನೆಲದಲ್ಲಿ ಅವರಿಗೂ ಒಂದು ಎಲೆ ಬೀಳ್ಲಿ. ಮತ್ತೆ ನಾನು ಎಂತದ್ದನ್ನೂ ಕೇಳುದಿಲ್ಲ." ಅವಳು ಮಾತಿಗೆ ಹೇಳಿದ್ದಲ್ಲ. ಅಪ್ಪ ಹೋದ ಮೇಲೆ ಅವಳು ಬಾಯಿ ಬಿಟ್ಟು ಕೇಳಿದ್ದು ಇದೊಂದನ್ನೇ. ಮುಂಚಿತವಾಗಿ ಬುಕ್ ಮಾಡಲೇ ಎಂದು ನಾನು ಕೇಳಿದರೆ ನಗುತ್ತಿದ್ದಳು. "ನಮ್ಮ ಮನೆಗೆ ನಾವು ಹೋಗ್ಲಿಕ್ಕೆ ಬುಕ್ ಮಾಡುದಾ? ನವರಾತ್ರಿ ಮುಗೀಲಿ, ನಾನೇ ಹೋಗಿ ನಿನ್ನ ಚಿಕ್ಕಪ್ಪನಿಗೆ ಹೇಳಿ ಬರ್ತೇನೆ."

ಅಷ್ಟರಲ್ಲಿ ಚಿಕ್ಕಪ್ಪನ ಮಗ ಹಜಾರದ ಫೋನಿಗೂ ಕೈ ಹಾಕಿದ್ದ. ಹಿಂದೆ ಆ ಫೋನಿಗೆ ದಿನವಿಡೀ ಬರುತ್ತಿದ್ದದ್ದು ಒಂದೇ ಪ್ರಶ್ನೆ: "ಈ ಸಲ ನಮ್ಮವರ ತಿಥಿ ಯಾವತ್ತು ಬಂತು?" ಕಾರ್ಯ ಮಾಡುವ ಮಗ ಮಾತ್ರವಲ್ಲ, ಕೊಟ್ಟ ಮನೆಯಲ್ಲಿರುವ ಹೆಣ್ಣುಮಕ್ಕಳು, ಸೋದರಳಿಯಂದಿರು, ಹಳೆಯ ಸ್ನೇಹಿತರು, ಎಲ್ಲರಿಗೂ ದಿನ ಗೊತ್ತಿರಬೇಕು. ಅವತ್ತು ನೀರುಳ್ಳಿ ತಿನ್ನಬಾರದು, ಯಾರಿಗಾದರೂ ಒಂದು ಹೊತ್ತು ಉಣ್ಣಲು ಹಾಕಬೇಕು, ಏನೂ ಆಗದಿದ್ದರೆ ಕೂತು ಒಮ್ಮೆ ನೆನೆಯಬೇಕು. ತಾರೀಕಾದರೆ ಗೋಡೆಯ ಕ್ಯಾಲೆಂಡರಿನಲ್ಲಿರುತ್ತದೆ, ತಿಥಿಯನ್ನು ಪ್ರತಿ ವರ್ಷ ಯಾರನ್ನಾದರೂ ಕೇಳಿಯೇ ತಿಳಿಯಬೇಕು. ಚಿಕ್ಕಪ್ಪ ಪಂಚಾಂಗ ಬಿಡಿಸಿ ಹೇಳುತ್ತಿದ್ದರು. ಈಗ ಫೋನ್ ಎತ್ತಿದರೆ, ಆನ್‌ಲೈನಿನಲ್ಲಿ ನೋಡಿಕೊಳ್ಳಿ ಎಂಬ ಉತ್ತರ. ಜನ ಬಡಪಾಯಿಗಳು, ಹಾಗೆಯೇ ಮಾಡಿದರು. ಕಂಪ್ಯೂಟರ್ ಇಲ್ಲದವರು ಬ್ರೌಸಿಂಗ್ ಸೆಂಟರಿಗೆ ಹೋಗಿ ಹುಡುಗನ ಕೈಯಲ್ಲಿ ತೆರೆಸಿ ನೋಡಿದರು.

ನವರಾತ್ರಿ ಮುಗಿದ ವಾರ ಚಿಕ್ಕಪ್ಪನ ಮಗ ನನ್ನನ್ನು ಕರೆಸಿದ. ನಾನು ಹೋಗುವಾಗ ಅವನು ಕುರ್ಚಿಯಿಂದ ಎದ್ದು ಕುಣಿಯುವುದೊಂದು ಬಾಕಿ.

"ಅಣ್ಣಾ, ಚಾನ್ಸೇ ಇಲ್ಲ! ನವೆಂಬರ್‌ನಲ್ಲಿ ಒಂದು ಡೇಟ್ ಇದೆ ನೋಡಿ, ತಾನಾಗಿ ಏರ್ತಾನೇ ಇದೆ. ಮಹಾಲಯಕ್ಕೂ ಇಷ್ಟು ಹೋಗಿಲ್ಲ. ಮದುವೆ ಊಟದ ರೇಟ್ ದಾಟಿದೆ. ಮಂಗಳೂರಿಂದ ನೋಡಿದಾರೆ, ಬಾಂಬೆಯಿಂದ ನೋಡಿದಾರೆ, ದುಬೈಯಿಂದ ಕೂಡ. ಯಾರೋ ದೊಡ್ಡ ಕುಳ ಅಣ್ಣಾ ಸತ್ತಿರೋದು."

"ಯಾರಾದ್ರೂ ಬುಕ್ ಮಾಡಿದ್ದಾರಾ?"

"ಇನ್ನೂ ಇಲ್ಲ. ಎಲ್ಲ ನೋಡಿ ನೋಡಿ ಹೋಗ್ತಿದಾರೆ. ಬರ್ತಾರೆ, ಎಲ್ಲಿಗೆ ಹೋಗ್ತಾರೆ?"

ನಾನು ಪರದೆಯ ಮೇಲೆ ಬಗ್ಗಿದೆ. ತಾರೀಕಿನ ಕೆಳಗೆ ತಿಥಿಯಿತ್ತು, ನನ್ನ ಕೈಯಿಂದಲೇ ತುಂಬಿಸಿದ್ದು. ಕಾರ್ತಿಕ ಬಹುಳ ಪಂಚಮಿ.

ನೋಡಿದವರು ಯಾರೆಂದು ನನಗೆ ಹೊಳೆಯಿತು. ಅಪ್ಪನ ಕೈ ಕೆಳಗೆ ಕೆಲಸ ಕಲಿತು ಬಾಂಬೆಗೆ, ದುಬೈಗೆ ಹೋದ ಅಡುಗೆಯವರು. ಊರಿನಲ್ಲಿರುವ ಸೋದರತ್ತೆಯರು, ಅವರ ಮಕ್ಕಳು. ವರ್ಷಕ್ಕೊಮ್ಮೆ ಅಪ್ಪನ ಕೈಯ ಊಟ ಉಂಡು ತಲೆಯಾಡಿಸಿ ಹೋಗುತ್ತಿದ್ದ ರೈಲ್ವೆಯವರು, ಬ್ಯಾಂಕಿನವರು. ಅವರು ಯಾರೂ ಹಜಾರ ಹಿಡಿಯಲು ಬಂದವರಲ್ಲ. ಅಪ್ಪನ ತಿಥಿ ಯಾವತ್ತು ಎಂದು ತಿಳಿದುಕೊಳ್ಳಲು ಬಂದವರು. ಒಬ್ಬೊಬ್ಬರೂ ಅಪ್ಪನನ್ನು ನೆನೆದು ಆ ತಾರೀಕನ್ನು ತೆರೆದಾಗ ಆ ದರಿದ್ರ ಯಂತ್ರ ಬೆಲೆಯನ್ನು ಒಂದು ಮೆಟ್ಟಿಲು ಮೇಲೆ ಏರಿಸಿತ್ತು. ಯಾರಿಗೂ ಬೇಡವಾಗಿ ಸತ್ತವನ ತಿಥಿ ಅಲ್ಲಿ ಅಗ್ಗ. ನಾಲ್ಕು ಜನ ಪ್ರೀತಿಸಿದವನ ತಿಥಿ ದುಬಾರಿ.

"ದೊಡ್ಡ ಕುಳ ಅಲ್ಲ ಮಾರಾಯ," ಎಂದೆ. "ನಿನ್ನ ದೊಡ್ಡಪ್ಪ."

ಅವನ ಮುಖ ಬಿಳಿಚಿತು, ಸುಳ್ಳು ಹೇಳಬಾರದು. ಆದರೆ ಎಷ್ಟು ಹೊತ್ತು? "ಓಹೋ," ಎಂದ. ಮತ್ತೆ ಪರದೆ ನೋಡಿದ. "ಆದ್ರೂ ನೋಡಿ ಅಣ್ಣಾ, ಸಿಸ್ಟಮ್ ಎಷ್ಟು ಕರೆಕ್ಟಾಗಿ ವರ್ಕ್ ಆಗ್ತಿದೆ." ಅವನ ಕಪಾಳಕ್ಕೆ ಬಾರಿಸಬೇಕೆನಿಸಿದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

ಮರುದಿನ ಅವನೇ ನಮ್ಮ ಮನೆಗೆ ಬಂದ, ಹಣ್ಣು ಹಿಡಿದುಕೊಂಡು. ಚಿಕ್ಕಪ್ಪ ಕಳಿಸಿರಬೇಕು. ಅಮ್ಮನ ಎದುರು ಕೂತು, "ದೊಡ್ಡಮ್ಮ, ನೀವು ಒಂದು ಪೈಸೆ ಕೊಡೋದು ಬೇಡ, ಫ್ರೀಯಾಗಿ ಮಾಡಿಸ್ತೀನಿ," ಎಂದ.

"ತಿಥಿಯನ್ನು ಪುಕ್ಕಟೆ ಮಾಡುದು ಉಂಟಾ?" ಎಂದಳು ಅಮ್ಮ. "ಮಗ ದುಡಿದ ಹಣದಲ್ಲಿ ಆಗ್ಬೇಕು. ನಿನ್ನ ಹಂಗಿನ ಪಿಂಡ ಅವರಿಗೆ ಮುಟ್ತದಾ?"

"ಸರಿ, ಫ್ರೀ ಬೇಡ. ನಿಮಗಾಗಿ ಒಂದು ಡಿಸ್ಕೌಂಟ್ ಕೂಪನ್ ಮಾಡಿದೀನಿ." ಜೇಬಿನಿಂದ ಚೀಟಿ ತೆಗೆದ. ಕೂಪನ್ನಿನ ಜಾಗದಲ್ಲಿ 'ದೊಡ್ಡಪ್ಪ' ಎಂದು ಒತ್ತಿದರೆ ಒಂದಿಷ್ಟು ಕಡಿಮೆಯಾಗುತ್ತದಂತೆ. ನಾನು ಅಡುಗೆಮನೆಗೆ ಎದ್ದು ಹೋದೆ. ಇಲ್ಲದಿದ್ದರೆ ಅವತ್ತು ಹಣ್ಣಿನ ಸಮೇತ ಅವನನ್ನು ಬಾಲ್ಕನಿಯಿಂದ ಕೆಳಗೆ ಹಾಕುತ್ತಿದ್ದೆ.

ಅಮ್ಮ ಮಾತ್ರ ಶಾಂತವಾಗಿ ಕೇಳಿದಳು. "ಕೂಪನ್ ಎಲ್ಲ ಬೇಡ. ಆ ಬೆಲೆ ಮೊದಲಿನ ಹಾಗೆ ಇಳಿಯುದು ಹೇಗೆ, ಅದನ್ನು ಹೇಳು."

"ಸುಲಭ ದೊಡ್ಡಮ್ಮ. ಕೈಯಿಂದ ಇಳಿಸೋಕೆ ಆ ಸಾಫ್ಟ್‌ವೇರ್ ಬಿಡಲ್ಲ, ಆದ್ರೆ ಎರಡು ವಾರ ಯಾರೂ ಆ ಡೇಟ್ ನೋಡಬಾರದು. ತಾನಾಗಿ ಇಳಿಯುತ್ತೆ. ನಮ್ಮ ಜನಕ್ಕೆಲ್ಲ ಫೋನ್ ಮಾಡಿ ಹೇಳಿಬಿಡಿ. ಇಳಿದ ತಕ್ಷಣ ಮೆಸೇಜ್ ಬರೋ ಹಾಗೆ ಅಣ್ಣನ ನಂಬರ್ ಹಾಕಿದೀನಿ."

"ಎಂತ ಹೇಳ್ಬೇಕು ಫೋನ್ ಮಾಡಿ?"

ಅವನು ಹಣ್ಣನ್ನು ಅಮ್ಮನ ಕಡೆಗೆ ಸರಿಸಿದ.

"ಅವರ ನೆನಪು ಮಾಡ್ಬೇಡಿ ಅಂತ ನಾನು ಹೇಳ್ಬೇಕಾ?" ಎಂದಳು ಅಮ್ಮ. ಸ್ವರ ಏರಿಸಲಿಲ್ಲ. "ಅವರು ಹೋಗಿ ಒಂದು ವರ್ಷ ಆಗ್ಲಿಲ್ಲ ಇನ್ನೂ. ನೀನು ಎದ್ದೇಳು ಮಗಾ."

ಹಣ್ಣನ್ನು ಅವನ ಕೈಗೇ ಕೊಟ್ಟು ಕಳಿಸಿದಳು. ಆಮೇಲೆ ಒಳಗೆ ಹೋಗಿ ಹೊತ್ತು ಕಳೆದ ಮೇಲೆ ಹೊರಬಂದಾಗ ಅವಳ ಕಣ್ಣು ಕೆಂಪಾಗಿತ್ತು. "ಇಲ್ಲೇ ಮಾಡುವ," ಎಂದಳು. ಆ ಮನೆಯ ಸುದ್ದಿಯನ್ನು ಮತ್ತೆ ಎತ್ತಲಿಲ್ಲ.

ಪಂಚಮಿಯ ದಿನ ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಮನೆಯೆದುರು ರಂಗೋಲಿ ಇರಲಿಲ್ಲ, ತಿಥಿಯ ದಿನ ಹಾಕುವುದಿಲ್ಲ. ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಮೇಜು ಮಂಚವನ್ನೆಲ್ಲ ಗೋಡೆಗೆ ಒರಗಿಸಿ ಜಾಗ ಮಾಡಿದ್ದೆವು. ಹೊಗೆ ಎದ್ದೀತು ಎಂದು ಪಕ್ಕದ ಮನೆಯ ತಮಿಳು ಮಾಮಿಗೆ ಮೊದಲೇ ಹೇಳಲು ಹೋದರೆ, ಅವರು ತಮ್ಮ ಹಜಾರದ ಬಾಗಿಲನ್ನೇ ತೆರೆದಿಟ್ಟರು. ಅದು ಬೇಕಾಗಿಯೂ ಬಂತು. ಯಾಕೆಂದರೆ ಜನ ಬಂದರು. ನಾವು ಯಾರನ್ನೂ ಕರೆದಿರಲಿಲ್ಲ, ತಿಥಿಗೆ ಕರೆಯುವ ಕ್ರಮವೂ ನಮ್ಮಲ್ಲಿಲ್ಲ. ದಿನ ನೋಡಿಟ್ಟುಕೊಂಡಿದ್ದವರು ತಾವಾಗಿಯೇ ಕೊಡೆ ಮಡಚುತ್ತ ಮೆಟ್ಟಿಲು ಹತ್ತಿ ಬಂದರು. ಪಿಂಡಪ್ರದಾನ ಮುಗಿದು, ಬ್ರಾಹ್ಮಣರ ಊಟ ಮುಗಿದು, ಉಳಿದವರಿಗೆ ಎಲೆ ಹಾಕುವ ಹೊತ್ತಿಗೆ ಸಾಲು ಬಾಗಿಲು ದಾಟಿ ಮೆಟ್ಟಿಲಿನವರೆಗೆ ಹೋಗಿತ್ತು.

ಚಿಕ್ಕಪ್ಪ ಬಂದದ್ದು ಆಗಲೇ. ಒಬ್ಬರೇ ಬಂದಿದ್ದರು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತರು. ನಾನು ಒದ್ದೆ ಪಂಚೆಯಲ್ಲಿ ಸಾರು ಬಡಿಸುತ್ತಿದ್ದೆ. ಅಷ್ಟರಲ್ಲಿ ಶೆಲ್ಫಿನ ಮೇಲಿದ್ದ ನನ್ನ ಮೊಬೈಲು ಗುಯ್‌ಗುಟ್ಟಿತು.

"ಯಾರಿಗೋ ದಾರಿ ಸಿಗ್ಲಿಲ್ಲ ಕಾಣ್ತದೆ," ಎಂದು ಅಮ್ಮ ಚಿಕ್ಕಪ್ಪನಿಗೆ ಹೇಳಿದಳು. "ಅವನಿಗೆ ಕೈ ಬಿಡುವಿಲ್ಲ. ನೀನು ಸ್ವಲ್ಪ ನೋಡು."

ಚಿಕ್ಕಪ್ಪ ಕನ್ನಡಕ ಏರಿಸಿ ಮೊಬೈಲನ್ನು ದೂರ ಹಿಡಿದು ಓದಿದರು.

"ಯಾರು?" ಎಂದಳು ಅಮ್ಮ.

"ನಮ್ಮದೇ," ಎಂದರು ಚಿಕ್ಕಪ್ಪ. "ತಿಥಿಮನೆಯದ್ದು. ಇವತ್ತಿನ ದಿನಕ್ಕೆ ಬೆಲೆ ಇಳಿದಿದೆಯಂತೆ. ಅರ್ಧ."

ಆ ಯಂತ್ರಕ್ಕೆ ಏನು ಗೊತ್ತು. ಆ ಸುಡುಗಾಡು ಬೆಲೆಗೆ ಯಾರೂ ಬಾರದೆ ಹಜಾರ ಖಾಲಿ ಬಿದ್ದಿತ್ತು, ಬಿಸಿಲೇರಿದ ಮೇಲಿನ ಮೀನಿನ ಹಾಗೆ ಅದನ್ನು ಸಿಕ್ಕಿದಷ್ಟಕ್ಕೆ ಕೂಗಿ ಮಾರುತ್ತಿತ್ತು. ನನಗೆ ಅದು ತಿಳಿಯಿತು. ಅಮ್ಮನಿಗೆ ಬೆಲೆ ಇಳಿಯುವ ಬಗೆ ಒಂದೇ ಗೊತ್ತಿತ್ತು, ಚಿಕ್ಕಪ್ಪನ ಮಗ ಹೇಳಿಕೊಟ್ಟದ್ದು.

ಅವಳ ಕೈಯ ಸೌಟು ನಿಂತಿತು. "ಇಳೀತಾ?" ಎಂದಳು. "ಹಾಗಾದ್ರೆ ಜನ ಅವರನ್ನು ಮರ್ತ್ರು ಅಂತಲಾ?"

ಸಾಲಿನಲ್ಲಿ ಕೂತವರು ತಲೆಯೆತ್ತಿದರು. ಯಾರಿಗೂ ಮಾತಿನ ತಲೆಬುಡ ತಿಳಿಯಲಿಲ್ಲ. ನಾನು ಸಾರಿನ ಪಾತ್ರೆ ಹಿಡಿದು, ಅಲ್ಲ ಅಮ್ಮ, ಹಾಗಲ್ಲ ಎಂದು ಶುರುಮಾಡಿದೆ.

ಚಿಕ್ಕಪ್ಪ ಮೊಬೈಲನ್ನು ಶೆಲ್ಫಿನಲ್ಲಿಟ್ಟರು. "ಇಲ್ಲ ಅತ್ತಿಗೆ, ಇಲ್ಲಿ ನೋಡಿ ಎಷ್ಟು ಜನ," ಎಂದರು. ಮತ್ತೆ ನೆಲ ನೋಡುತ್ತ, "ಅಲ್ಲಿ ಇವತ್ತು ಒಲೆ ಹಚ್ಚಲಿಲ್ಲ," ಎಂದರು.

ಅಮ್ಮ ಸೌಟನ್ನು ಪಾತ್ರೆಗೆ ಇಳಿಸಿದಳು. ಸಾಲಿನ ಕೊನೆಯಲ್ಲಿ, ಮೆಟ್ಟಿಲಿನ ಪಕ್ಕ ಒಂದು ಎಲೆ ಹಾಕಿ ನೀರು ಚಿಮುಕಿಸಿದಳು. ಚಿಕ್ಕಪ್ಪ ಅಲ್ಲಿ ಕೂತರು. ಅಣ್ಣನ ತಿಥಿಯ ಅನ್ನವನ್ನು ಅವರು ಕಣ್ಣು ಒರೆಸಿಕೊಳ್ಳುತ್ತ ಉಂಡರು, ಹೋಗುವಾಗ ಯಾರಿಗೂ ಏನೂ ಹೇಳಲಿಲ್ಲ.